ಟಿ ಕೋಶ ಎದ್ದಾಗ ಆಟೋಫೇಜಿ ಅಳೆಯುವುದು ಹೇಗೆ: ಪೆರ್ಲದ ಸುರಂಗದ ಬಾಯಲ್ಲಿ ಕಲಿತ ಪಾಠ

ಚಿಕ್ಕಮ್ಮನ ಮಗಳಿಗೆ ಇದು ಎಂಎಸ್ಸಿಯ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟಿಗೆ ಸಿಕ್ಕಿದ ವಿಷಯ, ಟಿ ಕೋಶ ಚುರುಕಾಗುವುದರಲ್ಲಿ ಆಟೋಫೇಜಿಯ ಪಾತ್ರ. ಟಿ ಕೋಶ ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಜಾತಿಯ ಬಿಳಿ ರಕ್ತಕಣ. ಕಳೆದ ವಾರ ರಾತ್ರಿ ಊಟ ಆದ ಮೇಲೆ ಫೋನ್ ಮಾಡಿದಳು. "ಅಕ್ಕಾ, ಪ್ರೋಟೋಕಾಲ್ ಕೈಯಲ್ಲಿದೆ. ಏನು ಹಾಕಬೇಕು, ಎಷ್ಟು ಹೊತ್ತು ಇಡಬೇಕು, ಎಲ್ಲ ಗೊತ್ತಿದೆ. ಯಾಕೆ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ" ಅಂದಳು.

ಅವಳ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾವಿಬ್ಬರೂ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವರು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಆಮೇಲೆ ಪ್ಲಸ್ ಟು, ಡಿಗ್ರಿ, ಎಂಎಸ್ಸಿ ಎಲ್ಲ ಇಂಗ್ಲಿಷಿನಲ್ಲಿ. ಲ್ಯಾಬಿನಲ್ಲಿ ಮಾತು ಮಲಯಾಳದಲ್ಲಿ. ಸಂಶಯ ಮಾತ್ರ ಈಗಲೂ ಕನ್ನಡದಲ್ಲೇ ಹುಟ್ಟುತ್ತದೆ. ಟಿ ಕೋಶಗಳ ಜೊತೆ ನಾನು ಆರು ವರ್ಷ ಕೆಲಸ ಮಾಡಿದ್ದೇನೆ. ಆ ಸಂಶಯಗಳಿಗೆ ಕನ್ನಡದಲ್ಲೇ ಉತ್ತರ ಸಿಗಬೇಕು ಅಂತ ನನ್ನ ಆಸೆ. ಹಾಗಾಗಿ ಅವಳಿಗೆ ಫೋನಿನಲ್ಲಿ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನ ಕಡೆಯಿಂದ ಈ ಕೆಲಸಕ್ಕೆ ಕೈ ಹಾಕುವ ಬೇರೆ ಮಕ್ಕಳಿಗೂ ಇದು ಬೇಕಾದೀತು.

ಮೊದಲು, ಏನನ್ನು ಅಳೆಯುತ್ತಿದ್ದೀರಿ?

ಜೀವಕೋಶ ತನ್ನೊಳಗಿನ ಹಳೇ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಸೋಗೆಯನ್ನು ಅದೇ ಮರದ ಬುಡಕ್ಕೆ ಹಾಕುವ ಹಾಗೆ. ಆಟೋಫೇಜಿ ಅಂದರೆ ಇದೇ. ಆ ಹೆಸರು ಕೊಟ್ಟವರು ಕ್ರಿಸ್ಟಿಯನ್ ಡಿ ಡ್ಯೂವ್, 1963ರಲ್ಲಿ. ಇದನ್ನು ನಡೆಸುವ ಜೀನುಗಳನ್ನು ಯೀಸ್ಟಿನಲ್ಲಿ ಹುಡುಕಿ ತೆಗೆದವರು ಜಪಾನಿನ ಯೋಶಿನೋರಿ ಓಸುಮಿ. ಅವರಿಗೆ 2016ರಲ್ಲಿ ನೊಬೆಲ್ ಬಂತು.

ಕೆಲಸ ನಡೆಯುವುದು ಹೀಗೆ. ಕೋಶದ ಒಳಗೆ ಒಂದು ಎರಡು ಪದರದ ಪೊರೆ ಬೆಳೆಯುತ್ತದೆ. ಬೇಡವಾದ ಪ್ರೋಟೀನು, ಹಾಳಾದ ಮೈಟೊಕಾಂಡ್ರಿಯ, ಎಲ್ಲವನ್ನೂ ಸುತ್ತಿ ಕಟ್ಟು ಕಟ್ಟುತ್ತದೆ. ಈ ಕಟ್ಟಿಗೆ ಆಟೋಫೇಗೋಸೋಮ್ ಅಂತ ಹೆಸರು. ಅದು ಹೋಗಿ ಲೈಸೋಸೋಮಿನ ಜೊತೆ ಸೇರುತ್ತದೆ. ಲೈಸೋಸೋಮಿನ ಒಳಗೆ ಹುಳಿ, ಅಂದರೆ ಆಸಿಡ್, ಜೊತೆಗೆ ಎನ್‌ಜೈಮುಗಳು. ಅಲ್ಲಿ ಕಟ್ಟಿನ ಒಳಗಿದ್ದದ್ದೆಲ್ಲ ಕರಗಿ ಅಮಿನೋ ಆಸಿಡ್ ಆಗಿ ಕೋಶಕ್ಕೆ ವಾಪಸ್ ಬರುತ್ತದೆ.

ಕಟ್ಟಿನ ಪೊರೆಗೆ ಒಂದು ಪ್ರೋಟೀನ್ ಅಂಟಿಕೊಂಡಿರುತ್ತದೆ, ಎಲ್‌ಸಿ3. ಸುಮ್ನೆ ತೇಲಾಡಿಕೊಂಡಿರುವಾಗ ಅದು ಎಲ್‌ಸಿ3-1. ಪೊರೆಯ ಕೊಬ್ಬಿಗೆ ಅಂಟಿದ ಮೇಲೆ ಎಲ್‌ಸಿ3-2. ವೆಸ್ಟರ್ನ್ ಬ್ಲಾಟಿನಲ್ಲಿ, ಅಂದರೆ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ ಬೇರೆ ಮಾಡಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆಯಲ್ಲಿ, ಎರಡು ಬ್ಯಾಂಡ್ ಬರುತ್ತವೆ, 16 ಕಿಲೋಡಾಲ್ಟನ್ ಹತ್ತಿರ ಒಂದು, 14ರ ಹತ್ತಿರ ಇನ್ನೊಂದು. ಕೊಬ್ಬು ಅಂಟಿ ಭಾರವಾದದ್ದೇ ಕೆಳಗೆ ಓಡುತ್ತದೆ, ಕೊಬ್ಬಿನಿಂದಾಗಿ ಜೆಲ್ಲಿನಲ್ಲಿ ಅದರ ಓಟ ಜೋರು. ಮೊದಲ ಸಲ ನೋಡುವವರು ಇಲ್ಲಿ ಎರಡನ್ನೂ ಅದಲುಬದಲು ಗುರುತಿಸುತ್ತಾರೆ. ಕೆಳಗಿನದು 2. ಬೆಂಚಿನ ಎದುರು ಬರೆದು ಅಂಟಿಸಿಕೊಳ್ಳಿ.

ಇನ್ನು ಟಿ ಕೋಶ. ಮಲಗಿರುವ ಟಿ ಕೋಶ ತುಂಬ ಸಣ್ಣದು, 7 ಮೈಕ್ರಾನ್ ಆಸುಪಾಸು. ತಿಂಗಳುಗಟ್ಟಲೆ ಹಾಗೇ ಇದ್ದೀತು. ತನಗೆ ಹೊಂದುವ ಗುರುತು ಕಂಡಾಗ ಟಿ ರಿಸೆಪ್ಟರಿನಿಂದ ಮೊದಲ ಸಂಕೇತ ಬರುತ್ತದೆ. ಕೋಶದ ಮೇಲ್ಮೈಯ ಇನ್ನೊಂದು ಪ್ರೋಟೀನ್ ಸಿಡಿ28ರಿಂದ ಎರಡನೆಯದು. ಎರಡೂ ಸಿಕ್ಕಿದರೆ ಒಂದು ದಿನದೊಳಗೆ ಕೋಶ ದಪ್ಪವಾಗುತ್ತದೆ. ಮರುದಿನದಿಂದ ಒಡೆದು ಎರಡು, ನಾಲ್ಕು, ಎಂಟು ಆಗುತ್ತಾ ಹೋಗುತ್ತದೆ.

ಇಲ್ಲೇ ಒಂದು ಗಂಟು ಇದೆ, ನನಗೆ ಈ ವಿಷಯ ಪ್ರೀತಿಯಾದದ್ದೂ ಇದರಿಂದಲೇ. ಟಿ ಕೋಶ ಎದ್ದಾಗ ಎಮ್‌ಟಾರ್ ಅನ್ನುವ ಪ್ರೋಟೀನ್ ಚುರುಕಾಗುತ್ತದೆ. "ಊಟ ಇದೆ, ಕಟ್ಟುವ ಕೆಲಸ ಮಾಡಿ" ಅಂತ ಹೇಳುವುದು ಅದರ ಕೆಲಸ. ಹಾಗೆ ಹೇಳುವಾಗ ಅದು ಆಟೋಫೇಜಿಯನ್ನು ತಡೆದು ಹಿಡಿಯುತ್ತದೆ. ಪುಸ್ತಕದ ಪ್ರಕಾರ ಎದ್ದ ಟಿ ಕೋಶದಲ್ಲಿ ಆಟೋಫೇಜಿ ಕಡಿಮೆ ಆಗಬೇಕು, ಅಲ್ವಾ? ಆದರೆ ಅಳೆದು ನೋಡಿದವರಿಗೆ ಕಂಡದ್ದು ಬೇರೆ. ಒಂದೆರಡು ದಿನದೊಳಗೆ ಅದು ಜಾಸ್ತಿಯಾಗುತ್ತದೆ. ಹಸಿವಿನಿಂದ ಶುರುವಾಗುವ ಆಟೋಫೇಜಿ ಅಲ್ಲ ಇದು. ಸುತ್ತ ಸಕ್ಕರೆ, ಅಮಿನೋ ಆಸಿಡ್ ತುಂಬಿರುವಾಗಲೇ ನಡೆಯುವಂಥದ್ದು.

2007ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಯು-ವೆನ್ ಹೆ ಅವರ ತಂಡ ಆಟೋಫೇಜಿಗೆ ಬೇಕಾದ ಎಟಿಜಿ5 ಜೀನ್ ಇಲ್ಲದ ಟಿ ಕೋಶಗಳನ್ನು ಇಲಿಯಲ್ಲಿ ನೋಡಿತು. ರಿಸೆಪ್ಟರನ್ನು ಎಬ್ಬಿಸಿದರೂ ಅವು ಸರಿಯಾಗಿ ಹೆಚ್ಚಲಿಲ್ಲ. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಸಿಡಿ8 ಜಾತಿಯ ಟಿ ಕೋಶಗಳಂತೂ ಸಾಯುತ್ತಾ ಹೋದವು. 2010ರಲ್ಲಿ ಫರ್ನಾಂಡೋ ಮೇಸಿಯನ್ ಅವರ ತಂಡ ಇನ್ನೊಂದು ಚಂದದ ಸಂಗತಿ ತೋರಿಸಿತು. ಮಲಗಿದ ಕೋಶದ ಕಟ್ಟಿನೊಳಗೆ ಮೈಟೊಕಾಂಡ್ರಿಯ ಇರುತ್ತದೆ. ಎದ್ದ ಕೋಶದಲ್ಲಿ ಅದನ್ನು ಬಿಟ್ಟು ಬೇರೆ ಸಾಮಾನು ಕಟ್ಟಿನೊಳಗೆ ಹೋಗುತ್ತದೆ. ಶಕ್ತಿ ಬೇಕಾದ ಹೊತ್ತಿನಲ್ಲಿ ಒಲೆಯನ್ನೇ ಒಡೆದು ಹಾಕಬಾರದು, ಕೋಶಕ್ಕೆ ಅದು ಗೊತ್ತಿದೆ. ಆಗ ಆಟೋಫೇಜಿಯನ್ನು ತಡೆದರೆ ಕೋಶ ಶಕ್ತಿಗೆ ಬಳಸುವ ಎಟಿಪಿ ಕಡಿಮೆಯಾಗುತ್ತದೆ.

ಅಪ್ಪ ಸುರಂಗಕ್ಕೆ ಸಿಪ್ಪೆ ತುರುಕಿದ ದಿನ

ಲ್ಯಾಬಿಗೆ ಸೇರಿದ ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ಟಿ ಕೋಶ ಎಬ್ಬಿಸಿದೆ. 48 ಗಂಟೆ ಕಾದೆ. ಬ್ಲಾಟ್ ಮಾಡಿದೆ. ಮಲಗಿದ ಕೋಶದ ಸಾಲಿನಲ್ಲಿ ಎಲ್‌ಸಿ3-2 ತೆಳ್ಳಗೆ, ಎದ್ದ ಕೋಶದ ಸಾಲಿನಲ್ಲಿ ಗಟ್ಟಿ ಕಪ್ಪು. ಖುಷಿಯಲ್ಲಿ ಮೀಟಿಂಗಿನಲ್ಲಿ ಪರದೆಗೆ ಹಾಕಿ "ಆಟೋಫೇಜಿ ಜಾಸ್ತಿಯಾಗಿದೆ" ಅಂದೆ. ಹಿಂದೆ ಕೂತಿದ್ದ ಸೀನಿಯರ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು. "ಕಟ್ಟುಗಳು ಜಾಸ್ತಿ ಹುಟ್ಟಿದವೋ, ಇಲ್ಲ ಕರಗದೆ ಉಳಿದವೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕರಗುವುದನ್ನು ನಿಲ್ಲಿಸುವ ಮದ್ದು, ಬಫಿಲೋಮೈಸಿನ್, ಹಾಕಿದ ಸ್ಯಾಂಪಲ್ ನಾನು ಮಾಡಿಯೇ ಇರಲಿಲ್ಲ. ಎರಡು ತಿಂಗಳ ಕೆಲಸ ಮತ್ತೆ ಮೊದಲಿನಿಂದ.

ಮಾರ್ಚಿನಲ್ಲಿ ಊರಿಗೆ ಬಂದಿದ್ದೆ. ನಮ್ಮ ಮನೆಯ ಹಿಂದೆ ಗುಡ್ಡೆಯ ಮುರಕಲ್ಲು ಕೊರೆದು ಮಾಡಿದ ಸುರಂಗ ಇದೆ. ಬಗ್ಗಿಕೊಂಡು ಒಳಗೆ ಹೋಗಬೇಕು. ಗೋಡೆಯಿಂದ ಜಿನುಗುವ ನೀರು ಕಾಲುವೆಯ ಹಾಗೆ ಹರಿದು ಬಾಯಿಯ ಹತ್ತಿರದ ಹೊಂಡಕ್ಕೆ ಬರುತ್ತದೆ. ಹೊಂಡದಿಂದ ಒಂದು ಪೈಪು ತೋಟಕ್ಕೆ. ಹೊಂಡದಲ್ಲಿ ನೀರು ಮೊಣಕಾಲಿನವರೆಗೆ ಇತ್ತು. "ಈ ವರ್ಷ ನೀರು ಚೆನ್ನಾಗಿದೆ ಅಲ್ವಾ ಅಪ್ಪ?" ಅಂದೆ.

"ಹೊಂಡ ನೋಡಿ ಹೇಳಲಿಕ್ಕಾಗುವುದಿಲ್ಲ ಮಗಾ. ಪೈಪಿನಲ್ಲಿ ಕಸ ಸಿಕ್ಕಿದರೂ ಹೊಂಡ ತುಂಬುತ್ತದೆ" ಅಂದರು ಅಪ್ಪ. ಒಂದು ತೆಂಗಿನ ಸಿಪ್ಪೆಗೆ ಹಳೇ ಬಟ್ಟೆ ಸುತ್ತಿ ಪೈಪಿನ ಬಾಯಿಗೆ ತುರುಕಿದರು. ನೀರು ಮುಟ್ಟಿದ ಮಟ್ಟಕ್ಕೆ ಕೋಲಿನಲ್ಲಿ ಕತ್ತಿಯಿಂದ ಗೆರೆ ಹಾಕಿದರು. ಅರ್ಧ ಗಂಟೆ ಬಿಟ್ಟು ಮತ್ತೊಂದು ಗೆರೆ. ಎರಡು ಗೆರೆಯ ನಡುವೆ ನಾಲ್ಕು ಬೆರಳು. "ಇಷ್ಟು ಬರುತ್ತಾ ಇದೆ. ಏಪ್ರಿಲಿಗೆ ಕೆಳಗಿನ ತೋಟಕ್ಕೆ ಸಾಕಾಗದು" ಅಂದು ಸಿಪ್ಪೆ ಎಳೆದರು.

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಬ್ಲಾಟಿನ ಕಪ್ಪು ಬ್ಯಾಂಡ್ ಆ ಹೊಂಡದ ನೀರಿನ ಹಾಗೆ. ಒಂದು ಹೊತ್ತಿನಲ್ಲಿ ಎಷ್ಟು ಕಟ್ಟು ಇದೆ ಅಂತ ಮಾತ್ರ ಅದು ಹೇಳುತ್ತದೆ. ಹುಟ್ಟುವುದು ಜಾಸ್ತಿಯಾದರೂ ಬ್ಯಾಂಡ್ ಕಪ್ಪಾಗುತ್ತದೆ. ಲೈಸೋಸೋಮ್ ಕೆಟ್ಟು ಕರಗುವುದು ನಿಂತರೂ ಕಪ್ಪಾಗುತ್ತದೆ. ಹರಿವು ಗೊತ್ತಾಗಬೇಕಾದರೆ ಪೈಪಿಗೆ ಸಿಪ್ಪೆ ತುರುಕಬೇಕು. ಟಿ ಕೋಶದಲ್ಲಿ ಆ ಸಿಪ್ಪೆಯೇ ಬಫಿಲೋಮೈಸಿನ್ ಎ1. ಅದು ಲೈಸೋಸೋಮಿನ ಆಸಿಡ್ ಪಂಪನ್ನು ನಿಲ್ಲಿಸುತ್ತದೆ. ಕಟ್ಟುಗಳು ಹುಟ್ಟುತ್ತಲೇ ಇರುತ್ತವೆ, ಕರಗುವುದು ಮಾತ್ರ ನಿಲ್ಲುತ್ತದೆ. ಹಾಕಿದ್ದಕ್ಕೂ ಹಾಕದ್ದಕ್ಕೂ ಇರುವ ವ್ಯತ್ಯಾಸವೇ ಹರಿವು. ಇಂಗ್ಲಿಷಿನವರು ಹೇಳುವ ಆಟೋಫೇಜಿ ಫ್ಲಕ್ಸ್ ಇದೇ.

ಇನ್ನು ಮುಂದಿನ ಎಲ್ಲ ಕೆಲಸವನ್ನೂ ಇದನ್ನು ತಲೆಯಲ್ಲಿಟ್ಟುಕೊಂಡು ಮಾಡಿ.

ರಕ್ತದಿಂದ ಪ್ಲೇಟಿನವರೆಗೆ

ಮನುಷ್ಯರ ರಕ್ತ ತೆಗೆಯುವ ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಕೊಡುವವರ ಸಹಿ ಬೇಕು. ಸ್ನೇಹಿತೆಯೇ ಕೊಡುತ್ತಾಳೆ ಅಂತ ಸುಮ್ನೆ ತೆಗೆಯಬೇಡಿ. ನಿಮಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಗ್ಲೌಸ್ ಹಾಕಿ, ಕೆಲಸ ಎಲ್ಲ ಬಯೋಸೇಫ್ಟಿ ಕ್ಯಾಬಿನೆಟ್ಟಿನ ಒಳಗೆ.

20 ಎಂಎಲ್ ರಕ್ತ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ. ಅಷ್ಟೇ ಪಿಬಿಎಸ್ (ಕೋಶಕ್ಕೆ ಹೊಂದುವ ಉಪ್ಪುನೀರು) ಸೇರಿಸಿ ತೆಳು ಮಾಡಿ. ಎರಡು 50 ಎಂಎಲ್ ಟ್ಯೂಬ್ ತೆಗೆದುಕೊಂಡು ಒಂದೊಂದಕ್ಕೂ 15 ಎಂಎಲ್ ಫೈಕಾಲ್, ಅಂದರೆ ರಕ್ತದ ಕೋಶಗಳನ್ನು ಪದರವಾಗಿ ಬೇರೆ ಮಾಡುವ ದಟ್ಟ ದ್ರವ, ಹಾಕಿ. ಅದರ ಮೇಲೆ ತೆಳು ಮಾಡಿದ ರಕ್ತ 20 ಎಂಎಲ್. ಟ್ಯೂಬನ್ನು ಓರೆ ಹಿಡಿದು ಗೋಡೆಯ ಮೇಲಿಂದ ನೂಲಿನಂತೆ ಇಳಿಸಬೇಕು. ಅವಸರ ಮಾಡಿದರೆ ಎರಡೂ ಬೆರೆತುಹೋಗುತ್ತದೆ. ಆಮೇಲೆ 400 ಜಿಯಲ್ಲಿ 30 ನಿಮಿಷ, ರೂಮಿನ ತಾಪಮಾನದಲ್ಲಿ, ಬ್ರೇಕ್ ಆಫ್ ಮಾಡಿ. ಬ್ರೇಕ್ ಆನ್ ಇದ್ದರೆ ಸೆಂಟ್ರಿಫ್ಯೂಜ್ ಗಕ್ಕನೆ ನಿಂತು ಪದರ ಕಲಕುತ್ತದೆ. ನಿಮಗಿಂತ ಮೊದಲು ಬೇರೆಯವರು ಮಿಷಿನ್ ಬಳಸಿರುತ್ತಾರೆ, ಪ್ರತಿ ಸಲ ನೋಡಿ.

ಸರಿಯಾಗಿ ಬಂದರೆ ಟ್ಯೂಬ್ ನೋಡಲಿಕ್ಕೇ ಚಂದ. ಮೇಲೆ ತಿಳಿ ಹಳದಿ ಪ್ಲಾಸ್ಮಾ. ಕೆಳಗೆ ಗಾಜಿನಂಥ ಫೈಕಾಲ್. ತಳದಲ್ಲಿ ಕೆಂಪು. ಪ್ಲಾಸ್ಮಾಕ್ಕೂ ಫೈಕಾಲಿಗೂ ನಡುವೆ ಅಕ್ಕಿ ತೊಳೆದ ನೀರಿನ ಬಣ್ಣದ ಒಂದು ಉಂಗುರ. ಬೇಕಾದದ್ದು ಆ ಉಂಗುರ ಮಾತ್ರ. ಪಿಪೆಟ್ಟಿನ ತುದಿಯನ್ನು ಗೋಡೆಗೆ ತಾಗಿಸಿ ಸುತ್ತ ತಿರುಗಿಸುತ್ತಾ ಎಳೆಯಿರಿ. ಎರಡು ಸಲ ತೊಳೆಯಿರಿ. ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಬಣ್ಣ, ಟ್ರೈಪಾನ್ ಬ್ಲೂ, ಹಾಕಿ ಎಣಿಸಿ. ಒಂದು ಎಂಎಲ್ ರಕ್ತಕ್ಕೆ ಸುಮಾರು 10 ಲಕ್ಷ ಕೋಶ ಸಿಗುತ್ತದೆ. 20 ಎಂಎಲ್ಲಿಗೆ 2 ಕೋಟಿ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಟಿ ಕೋಶ.

ಟಿ ಕೋಶ ಬೇರೆ ಮಾಡುವಾಗ ನೆಗೆಟಿವ್ ಸೆಲೆಕ್ಷನ್ ಕಿಟ್ ಬಳಸಿ, ಅಂದರೆ ಉಳಿದವನ್ನೆಲ್ಲ ಆಯಸ್ಕಾಂತದಲ್ಲಿ ಹಿಡಿದು ಟಿ ಕೋಶವನ್ನು ಮುಟ್ಟದೆ ಬಿಡುವುದು. ಟಿ ರಿಸೆಪ್ಟರಿನ ಜೊತೆಗಿರುವ ಸಿಡಿ3 ಪ್ರೋಟೀನನ್ನು ಹಿಡಿದು ಎಳೆದರೆ ಅಲ್ಲೇ ಅರ್ಧ ಎಬ್ಬಿಸಿದ ಹಾಗಾಗುತ್ತದೆ. ಆಗ ನಿಮ್ಮ 'ಮಲಗಿದ' ಕೋಶ ಮಲಗಿರುವುದಿಲ್ಲ.

ಈಗ ಲೆಕ್ಕ ಹಾಕಿ. ಒಂದು ಹೊತ್ತಿಗೆ ನಾಲ್ಕು ಬಾವಿ (ಪ್ಲೇಟಿನಲ್ಲಿ ಕೋಶ ಹಾಕುವ ಗುಂಡಿ, ಇಂಗ್ಲಿಷಿನಲ್ಲಿ ವೆಲ್) ಬೇಕು: ಮಲಗಿದ್ದು, ಎದ್ದದ್ದು, ಎರಡಕ್ಕೂ ಬಫಿಲೋಮೈಸಿನ್ ಹಾಕಿದ್ದು ಮತ್ತು ಹಾಕದ್ದು. 24 ಗಂಟೆ, 48 ಗಂಟೆ ಎರಡು ಹೊತ್ತು ಅಂದರೆ ಎಂಟು ಬಾವಿ. ಒಂದಕ್ಕೆ 10 ಲಕ್ಷ ಕೋಶದಂತೆ 80 ಲಕ್ಷ. ನಿಮ್ಮ ಹತ್ತಿರ ಇರುವುದು ಒಂದು ಕೋಟಿ ಚಿಲ್ಲರೆ. ಉಳಿದದ್ದರಲ್ಲಿ 10 ಲಕ್ಷ ಕೋಶವನ್ನು ಆಗಲೇ ಒಡೆದು (ಲೈಸ್ ಮಾಡಿ, ಪ್ರೋಟೀನ್ ಹೊರಗೆ ತೆಗೆದು) ಸೊನ್ನೆ ಗಂಟೆಯ ಸ್ಯಾಂಪಲ್ ಅಂತ ತೆಗೆದಿಡಿ. ಮೊದಲ ಸಲಕ್ಕೇ 6, 12, 24, 48, 72 ಅಂತ ಎಲ್ಲ ಹೊತ್ತು ಹಿಡಿಯಲು ಹೋಗಬೇಡಿ. ಕೋಶ ಸಾಲುವುದಿಲ್ಲ, ನಿದ್ದೆಯೂ ಸಾಲುವುದಿಲ್ಲ.

ಎಬ್ಬಿಸುವುದು

ಹಿಂದಿನ ಸಂಜೆಯೇ ಪ್ಲೇಟಿನಲ್ಲಿ ಎಬ್ಬಿಸಬೇಕಾದ ಬಾವಿಗಳ ತಳಕ್ಕೆ ಸಿಡಿ3 ಆ್ಯಂಟಿಬಾಡಿ ಹಚ್ಚಿಡಿ. ಪಿಬಿಎಸ್‌ನಲ್ಲಿ ಎಂಎಲ್ಲಿಗೆ 2ರಿಂದ 5 ಮೈಕ್ರೋಗ್ರಾಂ, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ಎರಡು ಸಲ ತೊಳೆದು ಕೋಶ ಹಾಕಿ, ಎಂಎಲ್ಲಿಗೆ 10 ಲಕ್ಷ, ಆರ್‌ಪಿಎಂಐ (ಕೋಶ ಬೆಳೆಸುವ ಮೀಡಿಯಂ) ಮತ್ತು 10 ಶೇಕಡಾ ಸೀರಂ. ಸಿಡಿ28 ಆ್ಯಂಟಿಬಾಡಿಯನ್ನು ಮೀಡಿಯಂಗೇ ಹಾಕಿದರೆ ಆಯಿತು, ಎಂಎಲ್ಲಿಗೆ 1 ಅಥವಾ 2 ಮೈಕ್ರೋಗ್ರಾಂ.

ಆ್ಯಂಟಿಬಾಡಿ ತರಿಸುವಾಗ ಲೇಬಲ್ ಓದಿ. ಬಣ್ಣ ಹಾಕಲು ಬಳಸುವ ಆ್ಯಂಟಿಬಾಡಿಯಲ್ಲಿ ಕೆಡದೆ ಇರಲಿ ಅಂತ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಅದು ಕೋಶಕ್ಕೆ ವಿಷ, ಮೈಟೊಕಾಂಡ್ರಿಯವನ್ನೇ ಹಿಡಿಯುತ್ತದೆ. ಎಬ್ಬಿಸುವ ಕೆಲಸಕ್ಕೆ ಅಜೈಡ್ ಇಲ್ಲದ್ದೇ ಬೇಕು.

24 ಗಂಟೆಗೆ ಮೈಕ್ರೋಸ್ಕೋಪಿನಲ್ಲಿ ನೋಡಿ. ಮಲಗಿದ ಬಾವಿಯಲ್ಲಿ ರಾಗಿ ಚೆಲ್ಲಿದ ಹಾಗೆ ಒಂಟಿ ಒಂಟಿ ಕೋಶ. ಎದ್ದ ಬಾವಿಯಲ್ಲಿ ಮುಜಂಟಿ ಹುಳ ಮುತ್ತಿಕೊಂಡ ಹಾಗೆ ಗುಂಪು ಗುಂಪು. ಗುಂಪಿನ ಅಂಚಿನ ಕೋಶಗಳು ದಪ್ಪ, ಕೆಲವು ಉದ್ದಕ್ಕೆ ಎಳೆದುಕೊಂಡಿರುತ್ತವೆ. ಈ ನೋಟ ಸಿಗದಿದ್ದರೆ ಮುಂದೆ ಹೋಗಬೇಡಿ. ಒಂದು ಚಿಟಿಕೆ ಕೋಶ ತೆಗೆದು, ಕೋಶ ಎದ್ದದ್ದಕ್ಕೆ ಗುರುತಾದ ಸಿಡಿ69, ಸಿಡಿ25 ಪ್ರೋಟೀನುಗಳನ್ನು ಫ್ಲೋ ಸೈಟೋಮೀಟರಿನಲ್ಲಿ (ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಅಳೆಯುವ ಮಿಷಿನ್) ನೋಡಿಬಿಡಿ. ಸಿಡಿ69 ಕೆಲವೇ ಗಂಟೆಗಳಲ್ಲಿ ಮೇಲೆ ಬರುತ್ತದೆ, ಸಿಡಿ25 ಒಂದು ದಿನದ ಹೊತ್ತಿಗೆ. ಏಳದ ಕೋಶದಲ್ಲಿ ಆಟೋಫೇಜಿ ಅಳೆದು ಏನು ಪ್ರಯೋಜನ?

48 ಗಂಟೆಗೆ ಮೀಡಿಯಂ ಬಣ್ಣವನ್ನೂ ಗಮನಿಸಿ. ಕೆಂಪಿದ್ದದ್ದು ಹಳದಿಯಾಗಿದ್ದರೆ ಕೋಶಗಳು ತಿಂದು ಆಸಿಡ್ ಬಿಟ್ಟಿವೆ, ಊಟ ಮುಗಿಯುತ್ತಾ ಬಂದಿದೆ. ಆಗ ನೀವು ನೋಡುವುದು ಎಚ್ಚರದ ಆಟೋಫೇಜಿಯೋ ಹಸಿವಿನದ್ದೋ ಗೊತ್ತಾಗುವುದಿಲ್ಲ. ಹಳದಿಯಾಗುವ ಮೊದಲೇ ಅರ್ಧ ಮೀಡಿಯಂ ಹೊಸತು ಹಾಕಿ.

ಬಫಿಲೋಮೈಸಿನ್ ಕೊನೆಯ 2ರಿಂದ 4 ಗಂಟೆಗೆ ಮಾತ್ರ, 100 ನ್ಯಾನೋಮೋಲಾರ್. ಅಪ್ಪ ಸಿಪ್ಪೆಯನ್ನು ಅರ್ಧ ಗಂಟೆಗೆ ತೆಗೆದರಲ್ಲ, ರಾತ್ರಿ ಇಡೀ ಬಿಟ್ಟಿದ್ದರೆ ಹೊಂಡ ತುಂಬಿ ಅಂಗಳಕ್ಕೆ ಬರುತ್ತಿತ್ತು. ಇದೂ ಹಾಗೆ. ಎರಡು ದಿನ ಇಟ್ಟರೆ ಕೋಶ ಸಾಯುತ್ತದೆ. ಎಷ್ಟು ಗಂಟೆ ಅಂತ ಒಮ್ಮೆ ತೀರ್ಮಾನ ಮಾಡಿದ ಮೇಲೆ ಎಲ್ಲ ಸ್ಯಾಂಪಲಿಗೂ ಅಷ್ಟೇ. ಹಾಕದ ಬಾವಿಗೆ ಅದೇ ಅಳತೆಯ ಡಿಎಂಎಸ್‌ಒ, ಅಂದರೆ ಬಫಿಲೋಮೈಸಿನ್ ಕರಗಿಸಿದ ದ್ರವ, ಹಾಕಲು ಮರೆಯಬೇಡಿ. ಬಫಿಲೋಮೈಸಿನ್ ದುಬಾರಿ ಅನಿಸಿದರೆ ಕ್ಲೋರೋಕ್ವಿನ್ ಇದೆ, ಮಲೇರಿಯಾಕ್ಕೆ ಕೊಡುವ ಅದೇ ಮದ್ದು. ಅದೂ ಲೈಸೋಸೋಮಿನಲ್ಲಿ ಕರಗುವುದನ್ನು ತಡೆಯುತ್ತದೆ.

ಬ್ಲಾಟ್, ಮತ್ತು ಅದನ್ನು ಓದುವ ಲೆಕ್ಕ

ಎಲ್‌ಸಿ3 ಸಣ್ಣ ಪ್ರೋಟೀನ್. 15 ಶೇಕಡಾ ಜೆಲ್ ಹಾಕಿ. ನೀಲಿ ಗೆರೆ ಹೊರಗೆ ಹೋಗುವವರೆಗೆ ಓಡಿಸಬೇಡಿ, ಜೊತೆಗೆ ಎಲ್‌ಸಿ3ಯೂ ಹೋಗುತ್ತದೆ. ಪಿವಿಡಿಎಫ್ ಮೆಂಬ್ರೇನ್ 0.2 ಮೈಕ್ರಾನಿನದ್ದೇ ಬೇಕು, 0.45ರಲ್ಲಿ ಸಣ್ಣ ಪ್ರೋಟೀನ್ ತೂರಿಕೊಂಡು ಹೋದೀತು. ಒಡೆದ ಸ್ಯಾಂಪಲನ್ನು ಪದೇಪದೇ ಫ್ರೀಜರಿನಿಂದ ತೆಗೆದು ಕರಗಿಸಬೇಡಿ. ಎಲ್‌ಸಿ3-1 ಬೇಗ ಕೆಡುತ್ತದೆ. ಸಣ್ಣ ಸಣ್ಣ ಟ್ಯೂಬಿನಲ್ಲಿ ಪಾಲು ಮಾಡಿ ಇಟ್ಟರೆ ಆಯಿತು.

1ಕ್ಕೂ 2ಕ್ಕೂ ಇರುವ ಅನುಪಾತ ತೆಗೆಯುವ ಚಾಳಿ ಬಹಳ ಮಂದಿಗೆ ಇದೆ. ನಾನು ಬೇಡ ಅನ್ನುತ್ತೇನೆ. ಆ್ಯಂಟಿಬಾಡಿ ಎರಡನ್ನೂ ಒಂದೇ ರೀತಿ ಹಿಡಿಯುವುದಿಲ್ಲ, 1 ಬೇಗ ಹಾಳಾಗುತ್ತದೆ. ಎಲ್‌ಸಿ3-2ನ್ನು ಆಕ್ಟಿನ್‌ನಂಥ ಲೋಡಿಂಗ್ ಪ್ರೋಟೀನಿಗೆ (ಎಲ್ಲ ಸಾಲಿಗೂ ಸಮ ಹಾಕಿದ್ದೀರಾ ಅಂತ ನೋಡುವ ಪ್ರೋಟೀನ್) ಹೋಲಿಸಿ. ಟಿ ಕೋಶದಲ್ಲಿ ಅಲ್ಲೂ ಒಂದು ತೊಡಕು ಇದೆ. ಎದ್ದ ಕೋಶ ದಪ್ಪವಾಗಿರುತ್ತದೆ, ಒಂದು ಕೋಶದಲ್ಲಿ ಆಕ್ಟಿನೂ ಜಾಸ್ತಿ. ಪ್ರೋಟೀನ್ ಅಳೆದು ಸಮ ಹಾಕಿದಿರೋ, ಕೋಶ ಎಣಿಸಿ ಸಮ ಹಾಕಿದಿರೋ, ಎರಡಕ್ಕೂ ಉತ್ತರ ಬೇರೆ ಬರುತ್ತದೆ. ನಾನು ಪ್ರೋಟೀನ್ ಸಮ ಹಾಕುತ್ತೇನೆ, ಕೋಶದ ಲೆಕ್ಕವನ್ನು ಪುಸ್ತಕದಲ್ಲಿ ಪಕ್ಕಕ್ಕೆ ಬರೆದಿಡುತ್ತೇನೆ.

ಲೆಕ್ಕಕ್ಕೆ ಒಂದು ಉದಾಹರಣೆ, ಅಂಕೆಗಳು ಸುಮ್ನೆ ನಾನು ಇಟ್ಟದ್ದು. ಮಲಗಿದ ಕೋಶದಲ್ಲಿ ಬಫಿಲೋಮೈಸಿನ್ ಇಲ್ಲದೆ 2, ಹಾಕಿದಾಗ 5. ಹರಿವು 3. ಎದ್ದ ಕೋಶದಲ್ಲಿ ಇಲ್ಲದೆ 4, ಹಾಕಿದಾಗ 11. ಹರಿವು 7. ಇಲ್ಲಿ ಆಟೋಫೇಜಿ ನಿಜವಾಗಿ ಜಾಸ್ತಿಯಾಗಿದೆ. ಈಗ ಇನ್ನೊಂದು ನೋಡಿ. ಎದ್ದ ಕೋಶದಲ್ಲಿ ಇಲ್ಲದೆ 6, ಹಾಕಿದಾಗ ಆರೂವರೆ. ಮೊದಲ ಬ್ಯಾಂಡ್ ಮಾತ್ರ ನೋಡಿದವರಿಗೆ ಇದು ಎಲ್ಲಕ್ಕಿಂತ ಗಟ್ಟಿ ಫಲಿತಾಂಶ. ಆದರೆ ಹರಿವು ಅರ್ಧ ಮಾತ್ರ. ಪೈಪು ಮೊದಲೇ ಕಟ್ಟಿತ್ತು, ನೀವು ತುರುಕಿದ ಸಿಪ್ಪೆಗೆ ಕೆಲಸವೇ ಇರಲಿಲ್ಲ. ಮೀಟಿಂಗಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಇದೇ ಆಗಿತ್ತು.

ಪಿ62 ಅನ್ನುವ ಇನ್ನೊಂದು ಪ್ರೋಟೀನ್ ಕಟ್ಟಿನ ಜೊತೆ ಒಳಗೆ ಹೋಗಿ ಕರಗುತ್ತದೆ. ಅದು ಕಡಿಮೆಯಾದರೆ ಆಟೋಫೇಜಿ ನಡೆಯುತ್ತಿದೆ ಅಂತ ಪುಸ್ತಕ ಹೇಳುತ್ತದೆ. ಎದ್ದ ಕೋಶ ಪಿ62ವನ್ನೇ ಹೊಸತಾಗಿ ಮಾಡಲೂಬಹುದು. ಹಾಗಾಗಿ ಅದೊಂದನ್ನೇ ನಂಬಬೇಡಿ, ಜೊತೆಗೆ ಇರಲಿ.

ಸಿಡಿ4 (ಸಹಾಯಕ ಟಿ ಕೋಶ), ಸಿಡಿ8 ಬೇರೆ ಬೇರೆ ನೋಡಬೇಕಾದರೆ ಫ್ಲೋ ಸೈಟೋಮೀಟರ್ ಒಳ್ಳೆಯದು. ಸಪೋನಿನ್‌ನಂಥದ್ದರಿಂದ ಕೋಶಕ್ಕೆ ತೂತು ಮಾಡಿ ತೇಲುವ ಎಲ್‌ಸಿ3-1ನ್ನು ತೊಳೆದು ತೆಗೆದರೆ ಪೊರೆಗೆ ಅಂಟಿದ್ದು ಮಾತ್ರ ಉಳಿಯುತ್ತದೆ, ಅದಕ್ಕೆ ಬಣ್ಣ ಹಾಕಿ. ಸತ್ತ ಕೋಶಕ್ಕೆ ಬಣ್ಣ ಸುಳ್ಳೇ ಹಿಡಿಯುತ್ತದೆ, ಅದಕ್ಕೆ ಲೈವ್-ಡೆಡ್ ಡೈ ಕಡ್ಡಾಯ. ಬಫಿಲೋಮೈಸಿನ್ ಹಾಕಿದ್ದು ಹಾಕದ್ದು ಇಲ್ಲೂ ಬೇಕು.

ಕೈಗೆ ಸಿಕ್ಕಿದ ಮದ್ದು ಹಾಕಬೇಡಿ

ಬೇರೆ ಕೋಶಗಳಲ್ಲಿ ಆಟೋಫೇಜಿ ಜಾಸ್ತಿ ಮಾಡಲು ರಾಪಾಮೈಸಿನ್ ಹಾಕುತ್ತಾರೆ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಿಂದ ಸಿಕ್ಕಿದ ಮದ್ದು ಅದು, ಎಮ್‌ಟಾರನ್ನು ತಡೆಯುತ್ತದೆ. ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಇದೇ ರಾಪಾಮೈಸಿನನ್ನು ಕೊಡುವುದು ಟಿ ಕೋಶ ಹೆಚ್ಚದಿರಲಿ ಅಂತ. ಟಿ ಕೋಶಕ್ಕೆ ಹಾಕಿ "ಆಟೋಫೇಜಿ ಜಾಸ್ತಿಯಾಯಿತು, ಕೋಶ ಹೆಚ್ಚಲಿಲ್ಲ" ಅಂತ ಎರಡನ್ನೂ ಜೋಡಿಸಿ ಬರೆದರೆ ತಪ್ಪು. ತಡೆಯಲು ಬಳಸುವ 3-ಮೀಥೈಲ್ ಅಡೆನಿನ್ ಕೂಡ ಹಾಗೆ. ಅದು ತಡೆಯುವ ಪಿಐ3 ಕೈನೇಸಿನ ಒಂದು ಜಾತಿ ಆಟೋಫೇಜಿಗೆ ಬೇಕು. ಇನ್ನೊಂದು ಜಾತಿ ಸಿಡಿ28 ಸಂಕೇತಕ್ಕೇ ಬೇಕು. ಎರಡೂ ಒಟ್ಟಿಗೆ ನಿಂತರೆ ಯಾವುದರಿಂದ ಏನಾಯಿತು ಅಂತ ಹೇಗೆ ಹೇಳುತ್ತೀರಿ?

ಆಟೋಫೇಜಿ ಟಿ ಕೋಶಕ್ಕೆ ಯಾವಾಗಲೂ ಒಳ್ಳೆಯದು ಅಂತಲೂ ಮೊದಲೇ ನಂಬಿಕೊಂಡು ಹೊರಡಬೇಡಿ. ಎರಡಾಗಿ ಒಡೆಯದಂತೆ ಕೋಶವನ್ನು ಹಿಡಿದಿಡುವ ಸಿಡಿಕೆಎನ್1ಬಿ ಪ್ರೋಟೀನನ್ನು ಅದು ಕರಗಿಸುತ್ತದೆ, ಇದರಿಂದ ಕೋಶ ಹೆಚ್ಚಲು ದಾರಿಯಾಗುತ್ತದೆ. ರಿಸೆಪ್ಟರಿನ ಸಂಕೇತವನ್ನು ಒಳಗೆ ದಾಟಿಸುವ ಬಿಸಿಎಲ್10ನ್ನೂ ಅದೇ ಕರಗಿಸುತ್ತದೆ, ಇದರಿಂದ ಸಂಕೇತ ಅತಿಯಾಗದೆ ತಗ್ಗುತ್ತದೆ. 2014ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಇಲಿಯ ಸಿಡಿ8 ಕೋಶಗಳಲ್ಲಿ ಎಟಿಜಿ7 ಅನ್ನುವ ಇನ್ನೊಂದು ಆಟೋಫೇಜಿ ಜೀನನ್ನು ತೆಗೆದು ನೋಡಿತು. ಸೋಂಕಿನ ಮೊದಲ ಹೊಡೆತಕ್ಕೆ ಅವು ಎದ್ದು ಹೋರಾಡಿದವು. ಆಮೇಲೆ ನೆನಪಿನ ಕೋಶಗಳಾಗಿ ಉಳಿಯಲಿಲ್ಲ. ಅದೇ ತಂಡ ಮುದಿ ಇಲಿಗಳಿಗೆ ಆಟೋಫೇಜಿ ಹೆಚ್ಚಿಸುವ ಸ್ಪರ್ಮಿಡಿನ್ ಕೊಟ್ಟಾಗ ಫ್ಲೂ ಲಸಿಕೆಯ ನೆನಪು ಸುಧಾರಿಸಿತು. ಇನ್ನೊಂದು ಕಡೆ, 2019ರಲ್ಲಿ ಬಂದ ಕೆಲಸದಲ್ಲಿ ಎಟಿಜಿ5 ಇಲ್ಲದ ಸಿಡಿ8 ಕೋಶಗಳು ಇಲಿಯ ಗಡ್ಡೆಯ ವಿರುದ್ಧ ಇನ್ನೂ ಜೋರಾಗಿ ಕೆಲಸ ಮಾಡಿದವು. ಯಾವ ಕೋಶ, ಯಾವ ಹೊತ್ತು, ಮೊದಲ ಏಟೋ ನೆನಪೋ, ಇದೆಲ್ಲ ನೋಡಿಯೇ ಮಾತಾಡಬೇಕು.

ಚಿಕ್ಕಮ್ಮನೂ ಫೋನಿಗೆ ಬಂದು ಒಂದು ಪ್ರಶ್ನೆ ಕೇಳಿದರು. "ಏಕಾದಶಿ ಉಪವಾಸ ಮಾಡಿದರೆ ಈ ಆಟೋಫೇಜಿ ಆಗಿ ರೋಗ ಬರುವುದಿಲ್ಲ ಅಂತ ವಾಟ್ಸಾಪಿನಲ್ಲಿ ಬಂದಿದೆ, ಹೌದಾ?" ಇಲಿಯನ್ನು ಒಂದೆರಡು ದಿನ ಉಪವಾಸ ಹಾಕಿದರೆ ಲಿವರಿನಂಥ ಅಂಗಗಳಲ್ಲಿ ಆಟೋಫೇಜಿ ಏರುವುದು ನಿಜ. ಟಿ ಕೋಶ ಎದ್ದಾಗ ಏರುವ ಆಟೋಫೇಜಿ ಊಟ ಇರುವಾಗಲೇ ಏರುವಂಥದ್ದು. ಒಂದನ್ನು ತೋರಿಸಿ ಇನ್ನೊಂದಕ್ಕೆ ಮಾತು ಕೊಡಬಾರದು. ಚಿಕ್ಕಮ್ಮನಿಗೆ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಉಪವಾಸ ಮಾಡುವ ಮೊದಲು ಡಾಕ್ಟರರನ್ನು ಕೇಳಿ ಅಂತ ಹೇಳಿದೆ.

ಪ್ರಾಜೆಕ್ಟಿನ ಹೆಸರು

ತಂಗಿಗೆ ಕೊನೆಯಲ್ಲಿ ಹೇಳಿದ್ದು ಇದು. 'ಪಾತ್ರ' ಅನ್ನುವ ಪದ ದೊಡ್ಡದು. ಆಟೋಫೇಜಿಯ ಪಾತ್ರ ಏನು ಅಂತ ಹೇಳಬೇಕಾದರೆ ಆಟೋಫೇಜಿ ಇಲ್ಲದ ಟಿ ಕೋಶ ಬೇಕು. ಎಟಿಜಿ5 ಅಥವಾ ಎಟಿಜಿ7 ಜೀನನ್ನು ಕ್ರಿಸ್ಪರಿನಿಂದ ಕತ್ತರಿಸಬೇಕು, ಇಲ್ಲ ಹಾಗೆ ಸಾಕಿದ ಇಲಿ ಬೇಕು. ಆಮೇಲೆ ಅವು ಹೆಚ್ಚುತ್ತವೆಯಾ, ಟಿ ಕೋಶ ಹೆಚ್ಚಲು ಸಂಕೇತ ಕೊಡುವ ಐಎಲ್-2 ಪ್ರೋಟೀನ್ ಬಿಡುತ್ತವೆಯಾ ಅಂತ ನೋಡಬೇಕು. ಅದು ಪಿಎಚ್‌ಡಿಯ ಕೆಲಸ. ಬಫಿಲೋಮೈಸಿನ್ ಹಾಕಿ ಕೋಶ ಹೆಚ್ಚಲಿಲ್ಲ ಅಂದರೆ ಅದು ಸಾಕ್ಷಿ ಆಗುವುದಿಲ್ಲ, ಲೈಸೋಸೋಮ್ ನಿಂತರೆ ಆಟೋಫೇಜಿ ಬಿಟ್ಟು ಇನ್ನೂ ಎಷ್ಟೋ ಕೆಲಸ ನಿಲ್ಲುತ್ತದೆ.

ನಾಲ್ಕು ತಿಂಗಳಲ್ಲಿ ಒಬ್ಬಳು ಗಟ್ಟಿಯಾಗಿ ಮಾಡಬಹುದಾದದ್ದು, ಮೂರು ಜನರ ರಕ್ತದಲ್ಲಿ, 24 ಮತ್ತು 48 ಗಂಟೆಗೆ, ಟಿ ಕೋಶ ಎದ್ದಾಗ ಆಟೋಫೇಜಿಯ ಹರಿವು ಎಷ್ಟು ಬದಲಾಗುತ್ತದೆ ಅನ್ನುವುದು. ಅವಳು ಗೈಡಿನ ಹತ್ತಿರ ಮಾತಾಡಿ ಹೆಸರನ್ನು ಹಾಗೇ ಬದಲಿಸಿದಳು. ಎಂಟು ಬಾವಿಯ ಚಿತ್ರ ಬಿಡಿಸಿ ನನಗೆ ಕಳಿಸಿದ್ದಾಳೆ. ನಾಲ್ಕು ಬಾವಿಯ ಮೇಲೆ ಕನ್ನಡದಲ್ಲಿ 'ಸಿಪ್ಪೆ' ಅಂತ ಬರೆದಿದ್ದಾಳೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ತೆಗೆಯುತ್ತಾರಂತೆ. ಪ್ಲೇಟಿಗೆ ಸಿಡಿ3 ಸೋಮವಾರ ಸಂಜೆಯೇ ಹಚ್ಚಿಡಬೇಕು.